ಯೋನಿಮಾರ್ಗದ ಅಣುಜೀವಿಗಳೂ ನಮ್ಮ ದಿನಚರಿಯೂ

ಬೇಸಗೆಯ ದಿನಗಳಲ್ಲಿ ಕಾಯಿಸದ ಹಾಲನ್ನು ಮಧ್ಯಾಹ್ನದವರೆಗೆ ಹಾಗೆಯೇ ಇಟ್ಟರೆ ಅದು ಕೆಟ್ಟುಹೋಗುವುದು. ಅದೇ ಹಾಲನ್ನು ಕಾಯಿಸಿ, ಆರಿಸಿ, ಒಂದು ಚಮಚ ಹೆಪ್ಪನ್ನು ಹಾಕಿಟ್ಟರೆ ಮೊಸರಾಗಿ ಮರುದಿನದವರೆಗೂ ಬಾಳುವುದು. ಹುಳಿಯು ಬಲವಾಗಿರುವಲ್ಲಿ ಕೊಳೆಯಿಸುವ ಅಣುಜೀವಿಗಳಿಗೆ ಎಡೆ ದೊರೆಯುವುದಿಲ್ಲವೆಂಬ ಈ ಸಂಗತಿಯನ್ನು ನಮ್ಮ ಅಜ್ಜಿಯರು ರಸಾಯನಶಾಸ್ತ್ರವನ್ನು ಓದದೆಯೇ ಚೆನ್ನಾಗಿ ಅರಿತಿದ್ದರು. ಇದೇ ಉಪಾಯದಿಂದಲೇ ಸ್ತ್ರೀಶರೀರದ ಒಂದು ಮುಖ್ಯವಾದ ಅಂಗವು ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಅದು ಹೇಗೆ, ಮತ್ತು ದಿನನಿತ್ಯದ ನಮ್ಮ ಯಾವ ಯಾವ ಅಭ್ಯಾಸಗಳು ಆ ಕಾವಲನ್ನು ಬಲಪಡಿಸುತ್ತವೆ, ಯಾವುವು ಕೆಡಿಸುತ್ತವೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ಆ ಅಂಗದ ಹೆಸರು ಯೋನಿ. ಈ ಮಾತನ್ನು ಬಾಯಿಬಿಟ್ಟು ಹೇಳುವುದಕ್ಕೆ ನಮ್ಮಲ್ಲಿ ಅನೇಕರು ನಾಚುವರು. ಪಾಠಪುಸ್ತಕದಲ್ಲಿ ಆ ಅಧ್ಯಾಯವು ಬಂದಾಗ, “ಇದನ್ನು ಮನೆಯಲ್ಲಿ ಓದಿಕೊಳ್ಳಿರಿ” ಎಂದು ಹೇಳಿ ಮುಂದಿನದಕ್ಕೆ ಹೋಗುವ ವಾಡಿಕೆಯೂ ಹಲವೆಡೆ ಉಂಟು. ಕಣ್ಣು, ಹಲ್ಲು, ಹೊಟ್ಟೆಗಳ ವಿಷಯದಲ್ಲಿ ಇಲ್ಲದ ಮರೆ ಇಲ್ಲಿ ಮಾತ್ರ ಏಕೆ? ಹೆಸರೇ ತಿಳಿಯದ ಅಂಗಕ್ಕೆ ಬಂದ ಕಷ್ಟವನ್ನು ವೈದ್ಯರ ಮುಂದೆ ಹೇಳುವುದಾದರೂ ಹೇಗೆ? ಆದುದರಿಂದ ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಹೊರಗೆ ಕಾಣುವ ಚರ್ಮದ ಮಡಿಕೆಗಳು ಬೇರೆ; ಅಲ್ಲಿಂದ ಗರ್ಭಕೋಶದ ಬಾಯಿಯವರೆಗೆ ಹೋಗುವ ಒಳದಾರಿ ಬೇರೆ. ಈ ಒಳದಾರಿಯೇ ಯೋನಿಮಾರ್ಗ. ಹೊರಭಾಗಕ್ಕೆ ಸಲ್ಲುವ ಸ್ನಾನದ ನಿಯಮವು ಒಳಭಾಗಕ್ಕೆ ಸಲ್ಲದು. ಈ ಲೇಖನದ ಮುಕ್ಕಾಲು ಪಾಲು ಈ ಒಂದು ಭೇದದ ಮೇಲೆಯೇ ನಿಂತಿದೆ.

1892ರಲ್ಲಿ ಜರ್ಮನಿಯ ಆಲ್ಬರ್ಟ್ ಡೋಡರ್ಲೈನ್ ಎಂಬ ವೈದ್ಯರು ಆರೋಗ್ಯವಂತ ಸ್ತ್ರೀಯರ ಯೋನಿಸ್ರಾವವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅದರಲ್ಲಿ ಸಣ್ಣ ಕಡ್ಡಿಗಳಂತಿರುವ ಅಣುಜೀವಿಗಳು ಹೇರಳವಾಗಿರುವುದನ್ನು ವರ್ಣಿಸಿದರು. ಅಣುಜೀವಿಯೆಂದರೆ ರೋಗವೆಂದೇ ಜನರು ಭಾವಿಸುತ್ತಿದ್ದ ಕಾಲದಲ್ಲಿ, ಈ ಕಡ್ಡಿಗಳು ಲ್ಯಾಕ್ಟಿಕ್ ಆಮ್ಲವನ್ನು ಉಂಟುಮಾಡಿ ರೋಗಾಣುಗಳನ್ನು ದೂರವಿಡುತ್ತವೆಂದು ಅವರು ತೋರಿಸಿದ್ದು ಸಾಮಾನ್ಯವಾದ ಸಂಗತಿಯಲ್ಲ. ಬಹುಕಾಲ ಅವುಗಳಿಗೆ ಡೋಡರ್ಲೈನರ ಕಡ್ಡಿಗಳೆಂದೇ ಹೆಸರಿತ್ತು. ಈಗ ಅವುಗಳನ್ನು ಲ್ಯಾಕ್ಟೋಬ್ಯಾಸಿಲಸ್ ಎಂಬ ಕುಲಕ್ಕೆ ಸೇರಿಸಿದ್ದಾರೆ. ಅವು ಮೊಸರನ್ನು ಹುಳಿಮಾಡುವ ಅಣುಜೀವಿಗಳ ನೆಂಟರು.

ಅವುಗಳಿಗೆ ಆಹಾರವನ್ನು ಒದಗಿಸುವುದು ನಮ್ಮ ಶರೀರವೇ. ಹುಡುಗಿಯು ಮೈನೆರೆಯುವ ಕಾಲಕ್ಕೆ ಅಂಡಾಶಯಗಳಿಂದ ಈಸ್ಟ್ರೋಜನ್ ಎಂಬ ರಸವು ಹೆಚ್ಚಾಗಿ ಹೊರಡುವುದು. ಅದರ ಪ್ರಭಾವದಿಂದ ಯೋನಿಮಾರ್ಗದ ಒಳಪದರವು ದಪ್ಪವಾಗಿ, ಅದರ ಕಣಗಳಲ್ಲಿ ಗ್ಲೈಕೋಜನ್ ಎಂಬ ಪಿಷ್ಟದಂಥ ಪದಾರ್ಥವು ತುಂಬಿಕೊಳ್ಳುವುದು. ಈ ಕಣಗಳು ಉದುರಿದಾಗ ಗ್ಲೈಕೋಜನ್ ಒಡೆದು ಸಕ್ಕರೆಯ ಬಗೆಗಳಾಗುವುದು. ಅಣುಜೀವಿಗಳು ಅದನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಬಿಡುವುವು. ಹುಳಿಯನ್ನು ಅಳೆಯುವುದಕ್ಕೆ ಶಾಸ್ತ್ರಜ್ಞರು ಪಿ.ಎಚ್. ಎಂಬ ಮಾನವನ್ನು ಉಪಯೋಗಿಸುತ್ತಾರೆ. ಶುದ್ಧವಾದ ನೀರಿನದು 7. ಅದಕ್ಕಿಂತ ಕೆಳಗೆ ಹೋದಷ್ಟೂ ಹುಳಿ, ಮೇಲೆ ಹೋದಷ್ಟೂ ಕ್ಷಾರ. ಒಂದೊಂದು ಮೆಟ್ಟಿಲಿಗೂ ಹತ್ತರಷ್ಟು ಅಂತರ. ಪ್ರಾಯದ ಸ್ತ್ರೀಯ ಯೋನಿಮಾರ್ಗದಲ್ಲಿ ಈ ಅಂಕೆಯು ಸಾಧಾರಣವಾಗಿ 3.8ರಿಂದ 4.5ರವರೆಗೆ, ಅಂದರೆ ಹೆಚ್ಚುಕಡಿಮೆ ಮೊಸರಿನಷ್ಟು ಹುಳಿಯಾಗಿ, ಇರುವುದು. ಮೈಗೆ ಹಚ್ಚುವ ಸಾಬೂನಿನದು 9 ಅಥವಾ 10. ಈ ಎರಡು ಅಂಕೆಗಳನ್ನು ಓದುವವರು ನೆನಪಿನಲ್ಲಿಡಬೇಕು; ಮುಂದೆ ಕೆಲಸಕ್ಕೆ ಬರುವುವು.

ಈ ಹುಳಿಯು ಜನ್ಮವಿಡೀ ಒಂದೇ ಸಮನಾಗಿರುವುದಿಲ್ಲ. ಚಿಕ್ಕ ಬಾಲಿಕೆಯರಲ್ಲಿಯೂ, ಮುಟ್ಟು ನಿಂತ ವೃದ್ಧೆಯರಲ್ಲಿಯೂ ಈಸ್ಟ್ರೋಜನ್ ಕಡಿಮೆಯಾದುದರಿಂದ ಹುಳಿಯೂ ಕಡಿಮೆ. ತಿಂಗಳು ತಿಂಗಳು ಮುಟ್ಟಿನ ರಕ್ತವು ಹರಿಯುವಾಗಲೂ ಅದು ತಗ್ಗುವುದು. ಏಕೆಂದರೆ ರಕ್ತವು ಸ್ವಲ್ಪ ಕ್ಷಾರವುಳ್ಳದ್ದು. ಸ್ರಾವವು ನಿಂತ ಕೆಲವು ದಿನಗಳಲ್ಲಿ ಕಾವಲುಗಾರರು ಪುನಃ ಹೆಚ್ಚಿ ತಮ್ಮ ಸ್ಥಾನವನ್ನು ಹಿಡಿಯುವರು. ಆದುದರಿಂದ ಮುಟ್ಟಿನ ದಿನಗಳೂ ಅವುಗಳ ಬೆನ್ನಹಿಂದಿನ ದಿನಗಳೂ ಸ್ವಲ್ಪ ಎಚ್ಚರದಿಂದಿರತಕ್ಕ ದಿನಗಳು.

ಇನ್ನು ಬಿಳಿಸೆರಗಿನ ಮಾತು. ಮೊದಲ ಮುಟ್ಟಿಗೆ ಕೆಲವು ತಿಂಗಳು ಮುಂಚಿನಿಂದಲೇ ಒಳಉಡುಪಿನಲ್ಲಿ ಬಿಳಿಯ ಅಥವಾ ಒಣಗಿದ ಮೇಲೆ ತುಸು ಹಳದಿಯಾಗಿ ಕಾಣುವ ತೇವವನ್ನು ಕಂಡು ಎಷ್ಟೋ ಹುಡುಗಿಯರು ಹೆದರುವರು. ಮೂಳೆ ಕರಗಿ ಹೋಗುತ್ತಿದೆಯೆಂದೂ, ಮೈಯ ಉಷ್ಣದಿಂದ ಬಲವೆಲ್ಲ ಸೋರುತ್ತಿದೆಯೆಂದೂ ಹಿರಿಯರು ಹೇಳಿದ ಮಾತು ಆ ಹೆದರಿಕೆಯನ್ನು ಇಮ್ಮಡಿಸುವುದು. ಮೂಳೆಯು ಕರಗುವುದೂ ಇಲ್ಲ, ಬಲವು ಸೋರುವುದೂ ಇಲ್ಲ. ಉದುರಿದ ಕಣಗಳು, ಗರ್ಭಕೋಶದ ಕೊರಳಿನ ಲೋಳೆ, ನಾವು ಹೇಳಿದ ಅಣುಜೀವಿಗಳು, ಇವು ಕೂಡಿದ ಸ್ರಾವವದು. ಯೋನಿಯು ತನ್ನನ್ನು ತಾನು ತೊಳೆದುಕೊಳ್ಳುವ ರೀತಿಯೇ ಅದು. ಎರಡು ಮುಟ್ಟುಗಳ ನಡುವೆ ಕೆಲವು ದಿನ ಅದು ಕೋಳಿಮೊಟ್ಟೆಯ ಬಿಳಿಯಂತೆ ತೆಳ್ಳಗೆ ಎಳೆಯೆಳೆಯಾಗಿಯೂ, ಬೇರೆ ದಿನಗಳಲ್ಲಿ ಮಂದವಾಗಿಯೂ ಇರುವುದು ಸಹಜ. ಗೋವೆಯಲ್ಲಿ 18ರಿಂದ 45 ವಯಸ್ಸಿನ 2000ಕ್ಕೂ ಮಿಕ್ಕ ಸ್ತ್ರೀಯರನ್ನು ವಿಚಾರಿಸಿ, ಪರೀಕ್ಷಿಸಿ, 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಬಿಳಿಸೆರಗಿನ ದೂರಿಗೆ ಸೋಂಕಿಗಿಂತ ಹೆಚ್ಚಾಗಿ ಮನಸ್ಸಿನ ಕಳವಳ, ಆಯಾಸ, ಸಂಸಾರದ ದುಃಖಗಳ ಸಂಬಂಧವಿರುವುದು ಕಂಡುಬಂತು. ಹೇಳಿಕೊಳ್ಳಲು ಬೇರೆ ದಾರಿಯಿಲ್ಲದ ಸ್ತ್ರೀಯರು ತಮ್ಮ ದುಃಖವನ್ನು ಈ ಹೆಸರಿನಿಂದ ಹೇಳಿಕೊಂಡರೆಂದು ನಮಗೆ ತೋರುತ್ತದೆ. ಅವರಿಗೆ ಬರಿಯ ಮಾತ್ರೆಗಳನ್ನು ಕೊಟ್ಟು ಕಳುಹಿಸಿದರೆ ಏನು ಪ್ರಯೋಜನ?

ಎಲ್ಲರ ಒಳಗೂ ಒಂದೇ ಹದವಿರುವುದಿಲ್ಲವೆಂಬುದನ್ನೂ ಹೇಳಬೇಕು. ಅಮೆರಿಕದಲ್ಲಿ ರೋಗಲಕ್ಷಣವಿಲ್ಲದ 396 ಸ್ತ್ರೀಯರನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ ಅಣುಜೀವಿಗಳ ಸಮುದಾಯಗಳು ಐದು ಬಗೆಯಾಗಿ ಕಂಡವು. ನಾಲ್ಕು ಬಗೆಗಳಲ್ಲಿ ಲ್ಯಾಕ್ಟೋಬ್ಯಾಸಿಲಸಿನ ಒಂದೊಂದು ಜಾತಿಯು ಪ್ರಧಾನವಾಗಿತ್ತು. ಸುಮಾರು ಕಾಲುಭಾಗ ಸ್ತ್ರೀಯರಲ್ಲಿ ಮಾತ್ರ ಅವು ಕಡಿಮೆಯಿದ್ದು, ನಾನಾ ಜಾತಿಗಳು ಬೆರೆತಿದ್ದವು. ಹಾಗಿದ್ದರೂ ಅವರಿಗೆ ತೊಂದರೆಯೇನೂ ಇರಲಿಲ್ಲ. ಹೀಗಿರುವಲ್ಲಿ ಒಬ್ಬಳ ಸ್ರಾವವು ಇನ್ನೊಬ್ಬಳಂತಿಲ್ಲವೆಂದು ಚಿಂತಿಸುವುದು ವ್ಯರ್ಥ. ತನಗೆ ವಾಡಿಕೆಯಾದುದು ಯಾವುದೆಂಬುದನ್ನು ಒಬ್ಬೊಬ್ಬಳೂ ಗಮನಿಸಿಟ್ಟುಕೊಂಡರೆ ಅದು ಬದಲಾದಾಗ ಕೂಡಲೇ ತಿಳಿಯುವುದು.

ಬದಲಾಗುವುದೆಂದರೇನು? ಲ್ಯಾಕ್ಟೋಬ್ಯಾಸಿಲಸುಗಳು ಕ್ಷೀಣಿಸಿ, ಆಮ್ಲಜನಕವಿಲ್ಲದೆ ಬದುಕುವ ಬೇರೆ ಅಣುಜೀವಿಗಳು ನೂರಾರು ಪಟ್ಟು ಹೆಚ್ಚಿದರೆ, ಬೂದುಬಿಳುಪಾದ ತೆಳ್ಳಗಿನ ಸ್ರಾವವೂ ಮೀನಿನಂಥ ವಾಸನೆಯೂ ಉಂಟಾಗುವುವು. ಇದಕ್ಕೆ ಬ್ಯಾಕ್ಟೀರಿಯಲ್ ವಜೈನೋಸಿಸ್ ಎಂದು ಹೆಸರು. ಅಮೆರಿಕದ ಗಾರ್ಡ್ನರ್ ಮತ್ತು ಡ್ಯೂಕ್ಸ್ ಎಂಬವರು 1955ರಲ್ಲಿ ಇದರೊಡನೆ ಕಾಣಿಸುವ ಒಂದು ಅಣುಜೀವಿಯನ್ನು ವರ್ಣಿಸಿದರು. 1980ರಲ್ಲಿ ಅದಕ್ಕೆ ಗಾರ್ಡ್ನರರ ಹೆಸರನ್ನೇ ಇಟ್ಟರು. ಲೋಕದ ನಾನಾ ಭಾಗಗಳ ಲೆಕ್ಕಗಳನ್ನು ಕೂಡಿಸಿ 2019ರಲ್ಲಿ ಪ್ರಕಟಿಸಿದ ಪರಿಶೀಲನೆಯ ಪ್ರಕಾರ ಹೆರುವ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 23ರಿಂದ 29 ಮಂದಿಗೆ ಇದು ಇರುವುದು. ಗರ್ಭಿಣಿಯರಲ್ಲಿ ದಿನತುಂಬುವ ಮೊದಲೇ ಹೆರಿಗೆಯಾಗುವ ಭಯಕ್ಕೂ, ಎಚ್.ಐ.ವಿ. ಮೊದಲಾದ ಸೋಂಕುಗಳು ಸುಲಭವಾಗಿ ತಗಲುವುದಕ್ಕೂ ಇದರ ಸಂಬಂಧವಿದೆಯಾದುದರಿಂದ ಇದನ್ನು ಬರಿಯ ವಾಸನೆಯ ಪ್ರಶ್ನೆಯೆಂದು ತಳ್ಳಿಬಿಡಲಾಗದು.

ಈಗ ನಮ್ಮ ಅಭ್ಯಾಸಗಳಿಗೆ ಬರೋಣ. ಎಲ್ಲಕ್ಕಿಂತ ಹೆಚ್ಚು ಕೇಡನ್ನು ಮಾಡುವುದು ಕೊಳಕಲ್ಲ, ಅತಿಶುಚಿಯೇ ಎಂದರೆ ಓದುವವರಿಗೆ ಆಶ್ಚರ್ಯವಾದೀತು. ಯೋನಿಮಾರ್ಗದ ಒಳಗೆ ನೀರನ್ನು ಚಿಮುಕಿಸಿಯಾಗಲಿ, ಬೆರಳಿನಿಂದ ಸಾಬೂನನ್ನು ಹಾಕಿಯಾಗಲಿ, ನಂಜುನಿವಾರಕ ದ್ರವವನ್ನು ಬೆರಸಿಯಾಗಲಿ ತೊಳೆಯುವ ಅಭ್ಯಾಸವು ಲೋಕದ ಹಲವು ದೇಶಗಳಲ್ಲಿದೆ. ಅಮೆರಿಕದಲ್ಲಿ 1920 ಮತ್ತು 1930ರ ದಶಕಗಳಲ್ಲಿ ನೆಲ ತೊಳೆಯುವ ಲೈಸಾಲನ್ನೇ ನೀರಿಗೆ ಹಾಕಿ ಒಳಗೆ ತೊಳೆದುಕೊಳ್ಳಬೇಕೆಂದು ಪತ್ರಿಕೆಗಳಲ್ಲಿ ಜಾಹೀರಾತುಗಳು ಬರುತ್ತಿದ್ದುವು. ಹಾಗೆ ಮಾಡದವಳನ್ನು ಗಂಡನು ತೊರೆದಾನೆಂಬ ಬೆದರಿಕೆಯೂ ಅವುಗಳಲ್ಲಿರುತ್ತಿತ್ತು. ಆ ಕಾಲದ ಲೈಸಾಲಿನಲ್ಲಿ ಕ್ರೆಸಾಲ್ ಎಂಬ, ಚರ್ಮವನ್ನು ಸುಡತಕ್ಕ ದ್ರವ್ಯವಿತ್ತು. ಇಂಥದರಿಂದ ಸುಟ್ಟು ನೊಂದವರು ಎಷ್ಟೋ ಮಂದಿ. ಇಂದಿನ ಅಂಗಡಿಗಳಲ್ಲಿ ಚಂದದ ಸೀಸೆಗಳಲ್ಲಿ ಸುವಾಸನೆಯ ದ್ರವಗಳನ್ನು ಮಾರುವವರು ಆ ಹಳೆಯ ಭಯವನ್ನೇ ಮೆಲುದನಿಯಲ್ಲಿ ಹೇಳುತ್ತಿದ್ದಾರೆಂದು ನಮ್ಮ ಅಭಿಪ್ರಾಯ.

ತೊಳೆಯುವುದರಿಂದ ಆಗುವ ಕೇಡು ಎರಡು ವಿಧ. ನೀರಿನೊಡನೆ ಕಾವಲಿನ ಅಣುಜೀವಿಗಳೇ ಹರಿದುಹೋಗುವುವು. ಸಾಬೂನಿನ ಕ್ಷಾರದಿಂದ ಉಳಿದವುಗಳ ಹುಳಿಯೂ ಕಳೆಯುವುದು. ಮೊಸರಿನ ಮಡಕೆಯನ್ನು ಸೋಡಾಹಿಟ್ಟಿನಿಂದ ತಿಕ್ಕಿ ಅದರಲ್ಲಿಯೇ ಹೆಪ್ಪು ನಿಲ್ಲಲಿಲ್ಲವೆಂದು ದೂರಿದ ಹಾಗಾಯಿತು. ಒಳಗೆ ತೊಳೆಯುವ ಸ್ತ್ರೀಯರಲ್ಲಿ ಬ್ಯಾಕ್ಟೀರಿಯಲ್ ವಜೈನೋಸಿಸ್ ಹೆಚ್ಚೆಂಬುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ವಾಸನೆ ಬಂತೆಂದು ತೊಳೆಯುವರು, ತೊಳೆದುದರಿಂದ ಸಮತೋಲವು ಮತ್ತಷ್ಟು ಕೆಡುವುದು, ಆಗ ಇನ್ನೂ ತೊಳೆಯುವರು. ಈ ಸುಳಿಯಿಂದ ಹೊರಬರುವುದು ಕಷ್ಟ. ಹಾಗಾದರೆ ಮಾಡತಕ್ಕದ್ದೇನು? ಹೊರಭಾಗವನ್ನು ದಿನಕ್ಕೊಮ್ಮೆ ಸ್ನಾನದಲ್ಲಿ ಉಗುರುಬೆಚ್ಚಗಿನ ನೀರಿನಿಂದ ಮೆಲ್ಲಗೆ ತೊಳೆದು ಒರಸಿಕೊಂಡರೆ ಸಾಕು. ಸಾಬೂನು ಬೇಕೆಂದರೆ ಸುವಾಸನೆಯಿಲ್ಲದ ಮೃದುವಾದುದನ್ನು ಹೊರಚರ್ಮಕ್ಕೆ ಮಾತ್ರ ಹಚ್ಚಬಹುದು. ಒಳಕ್ಕೆ ಏನೂ ಬೇಡ, ಬರಿಯ ನೀರೂ ಬೇಡ. ಪೌಡರನ್ನೂ ಅತ್ತರನ್ನೂ ದೂರವಿಡಬೇಕು.

ಒಳಗೆ ಅತಿಯಾಗಿ ತೊಳೆಯುವ ನಾವು ಹೊರಗಿನ ಒಂದು ವಸ್ತುವನ್ನು ಮಾತ್ರ ನಾಚಿಕೆಗೆ ಬಲಿಕೊಡುತ್ತೇವೆ. ಅದು ಮುಟ್ಟಿನ ಬಟ್ಟೆ. ಭಾರತದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಲೆಕ್ಕದಂತೆ 15ರಿಂದ 24 ವಯಸ್ಸಿನವರಲ್ಲಿ ಸುಮಾರು ಅರ್ಧದಷ್ಟು ಮಂದಿ ಬಟ್ಟೆಯನ್ನು ಉಪಯೋಗಿಸುವವರೇ. ಬಟ್ಟೆಯು ತಾನಾಗಿ ಕೆಟ್ಟದ್ದಲ್ಲ. ಮೆತ್ತಗಿನ ಹತ್ತಿಯ ಬಟ್ಟೆಯನ್ನು ಸಾಬೂನು ಹಾಕಿ ತೊಳೆದು, ಸಾಬೂನು ಉಳಿಯದಂತೆ ಚೆನ್ನಾಗಿ ಜಾಲಿಸಿ, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿದರೆ ಅದು ಯೋಗ್ಯವಾದ ಸಾಧನವೇ. ಆದರೆ ನಾವು ಅದನ್ನು ಒಣಗಿಸುವುದೆಲ್ಲಿ? ಬಚ್ಚಲಿನ ಮೂಲೆಯಲ್ಲಿ, ಮಂಚದ ಅಡಿಯಲ್ಲಿ, ಬೇರೆ ಬಟ್ಟೆಯ ಮರೆಯಲ್ಲಿ! ಗಂಡಸರ ಕಣ್ಣಿಗೆ ಬೀಳಬಾರದೆಂದು ಸೂರ್ಯನ ಕಣ್ಣಿಗೂ ಬೀಳದಂತೆ ಮಾಡುತ್ತೇವೆ. ಮಳೆಗಾಲದ ಕರಾವಳಿಯಲ್ಲಿಯಂತೂ ಅದು ಎಂದಿಗೂ ಪೂರ್ಣವಾಗಿ ಒಣಗದು. ಹಸಿಯಾಗಿಯೇ ಮತ್ತೆ ಉಪಯೋಗಕ್ಕೆ ಬರುವುದು.

ಇದರ ಫಲವೇನೆಂಬುದನ್ನು ಒಡಿಶಾ ಪ್ರಾಂತದಲ್ಲಿ ಪರೀಕ್ಷಿಸಿದ್ದಾರೆ. ಅಲ್ಲಿಯ ಎರಡು ಆಸ್ಪತ್ರೆಗಳಿಗೆ ಬಂದ 486 ಸ್ತ್ರೀಯರನ್ನು ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಮ್ಮೆ ಉಪಯೋಗಿಸಿ ಬಿಸಾಡುವ ಪ್ಯಾಡುಗಳನ್ನು ಬಳಸುವವರಿಗಿಂತ ಬಟ್ಟೆಯನ್ನು ಮತ್ತೆ ಮತ್ತೆ ಬಳಸುವವರಲ್ಲಿ ಸೋಂಕಿನ ಲಕ್ಷಣಗಳು ಹೆಚ್ಚಾಗಿದ್ದುವು. 2018ರಲ್ಲಿ 558 ಸ್ತ್ರೀಯರ ವಿಷಯವಾಗಿ ಪ್ರಕಟವಾದ ಇನ್ನೊಂದು ಅಧ್ಯಯನವು ಮತ್ತಷ್ಟು ಸೂಕ್ಷ್ಮವಾಗಿ ನೋಡಿತು: ಬಟ್ಟೆಯನ್ನು ಮನೆಯೊಳಗೆ ಒಣಗಿಸುವವರಿಗೂ, ಪಾಯಿಖಾನೆಯಲ್ಲಿ ಎತ್ತಿಡುವವರಿಗೂ ಕ್ಯಾಂಡಿಡಾ ಎಂಬ ಬೂಷ್ಟಿನ ಸೋಂಕು ಹೆಚ್ಚಾಗಿ ಇತ್ತು. ಅಂದರೆ ಅಪರಾಧವು ಬಟ್ಟೆಗಿಂತ ಹೆಚ್ಚಾಗಿ ಕತ್ತಲೆಯದು, ತೇವದ್ದು. ಮನೆಯ ಹಿರಿಯ ಹೆಂಗಸರು ಅಂಗಳದ ಬಿಸಿಲಿನಲ್ಲಿ ಒಂದು ಹಗ್ಗವನ್ನು ಇದಕ್ಕೆಂದು ಧೈರ್ಯವಾಗಿ ಕಟ್ಟಿಕೊಟ್ಟರೆ ಔಷಧದ ಖರ್ಚು ಎಷ್ಟೋ ಉಳಿದೀತು. ಬಿಸಿಲಿಲ್ಲದ ದಿನಗಳಲ್ಲಿ ಇಸ್ತ್ರಿಪೆಟ್ಟಿಗೆಯಿಂದ ಒಣಗಿಸಬಹುದು. ಪ್ಯಾಡಾಗಲಿ ಬಟ್ಟೆಯಾಗಲಿ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸತಕ್ಕದ್ದು. ಪ್ಯಾಡು ದುಬಾರಿಯೆಂದು ಬೆಳಗಿನಿಂದ ಸಂಜೆಯವರೆಗೆ ಒಂದನ್ನೇ ಇಟ್ಟುಕೊಳ್ಳುವವಳಿಗಿಂತ, ಒಣಗಿದ ಬಟ್ಟೆಯನ್ನು ಮೂರು ಸಲ ಬದಲಾಯಿಸುವವಳೇ ಕ್ಷೇಮಿ. ಶಾಲೆಯಲ್ಲಿ ಬದಲಾಯಿಸುವುದಕ್ಕೆ ಚಿಲಕವಿರುವ ಬಾಗಿಲೂ ನೀರೂ ಇರಬೇಕೆಂಬುದನ್ನು ಇಲ್ಲಿ ಬೇರೆಯಾಗಿ ಹೇಳಬೇಕೆ?

ಮಲವಿಸರ್ಜನೆಯ ತರುವಾಯ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು, ಹಿಂದಿನಿಂದ ಮುಂದಕ್ಕಲ್ಲ. ಕರುಳಿನ ಅಣುಜೀವಿಗಳು ಮುಂದೆ ಬಂದರೆ ಮೂತ್ರದ ಉರಿಗೆ ಕಾರಣವಾಗುವುವು. ಬಿಗಿಯಾದ ನೈಲಾನ್ ಉಡುಪುಗಳ ಮೇಲೆ ಹೊರಿಸುವ ದೋಷವು ಅವುಗಳಿಗೆ ಸಲ್ಲುವುದಕ್ಕಿಂತ ತುಸು ಹೆಚ್ಚೆಂದೇ ನಮ್ಮ ಎಣಿಕೆ. ಆದರೂ ಬೆವರನ್ನು ಹೀರುವ ಹತ್ತಿಯ ಒಳಉಡುಪು ನಮ್ಮ ಸೆಕೆಯ ಊರುಗಳಿಗೆ ಒಪ್ಪುವುದು. ಆಟದ ನಂತರ ಒದ್ದೆಯಾದುದನ್ನು ಬದಲಾಯಿಸಿಕೊಳ್ಳುವುದೂ ಒಳ್ಳೆಯದು.

ಕ್ಯಾಂಡಿಡಾದ ವಿಷಯ ಸ್ವಲ್ಪ ಬೇರೆ. ಅದು ಬ್ಯಾಕ್ಟೀರಿಯವಲ್ಲ; ಹಿಟ್ಟನ್ನು ಉಬ್ಬಿಸುವ ಈಸ್ಟಿನ ಜಾತಿಯದು. ಹುಳಿಗೆ ಅದು ಅಷ್ಟಾಗಿ ಅಂಜುವುದಿಲ್ಲ. ಅನೇಕ ಸ್ತ್ರೀಯರಲ್ಲಿ ಅದು ಅಲ್ಪಸಂಖ್ಯೆಯಲ್ಲಿ ಉಪದ್ರವವಿಲ್ಲದೆ ಇರುವುದು. ನೆಗಡಿಗೋ ಗಂಟಲುನೋವಿಗೋ ಔಷಧದ ಅಂಗಡಿಯಿಂದ ಚೀಟಿಯಿಲ್ಲದೆ ತಂದು ನುಂಗಿದ ಆಂಟಿಬಯಾಟಿಕ್ ಮಾತ್ರೆಯು ಗಂಟಲಿನಲ್ಲಿಯೇ ನಿಲ್ಲದೆ ಮೈಯೆಲ್ಲ ಸಂಚರಿಸಿ ಯೋನಿಯ ಲ್ಯಾಕ್ಟೋಬ್ಯಾಸಿಲಸುಗಳನ್ನೂ ಕೊಲ್ಲುವುದು. ಆಗ ಈಸ್ಟಿಗೆ ಮನೆ ಖಾಲಿಯಾದಂತೆ. ವಿಪರೀತವಾದ ತುರಿಕೆ, ಉರಿ, ಒಡೆದ ಮೊಸರಿನ ಗಟ್ಟಿಯಂಥ ಬಿಳಿಯ ಸ್ರಾವ, ಇವು ಅದರ ಗುರುತು. ಸಿಹಿಮೂತ್ರವುಳ್ಳವರಲ್ಲಿಯೂ ಗರ್ಭಿಣಿಯರಲ್ಲಿಯೂ ಇದು ಹೆಚ್ಚು. ಪದೇ ಪದೇ ಬರುವುದಾದರೆ ರಕ್ತದಲ್ಲಿ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳುವುದು ಬುದ್ಧಿವಂತಿಕೆ. ವೈದ್ಯರು ಆಂಟಿಬಯಾಟಿಕನ್ನು ಬರೆದುಕೊಟ್ಟಾಗ ಹೆದರಿ ಅರ್ಧಕ್ಕೆ ಬಿಡಬೇಕೆಂದು ನಾವು ಹೇಳುವುದಿಲ್ಲ; ಬೇಡದ ನೆಗಡಿಗೆ ನುಂಗಬಾರದೆಂದಷ್ಟೇ ಹೇಳುತ್ತೇವೆ.

ಮೊಸರಿನ ಹೋಲಿಕೆಯನ್ನು ಕೊಟ್ಟುದರಿಂದ ಯಾರಾದರೂ ಮೊಸರನ್ನೇ ಒಳಗೆ ಹಚ್ಚಿಕೊಂಡರೆ ಆ ಪಾಪವು ನಮಗೆ ತಟ್ಟೀತು! ಮೊಸರಿನ ಅಣುಜೀವಿಗಳೂ ಯೋನಿಯ ಅಣುಜೀವಿಗಳೂ ನೆಂಟರೇ ಹೊರತು ಒಂದೇ ಮನೆಯವಲ್ಲ. ಅನ್ನದೊಡನೆ ಮೊಸರನ್ನು ಉಣ್ಣುವುದು ಹೊಟ್ಟೆಗೆ ಹಿತ, ಸಂಶಯವಿಲ್ಲ. ಅದು ಇಲ್ಲಿಯ ಚಿಕಿತ್ಸೆಯಲ್ಲ. ಬೆಳ್ಳುಳ್ಳಿ, ಲಿಂಬೆಹುಳಿ, ಬೇವಿನ ಕಷಾಯಗಳಿಗೂ ಇದೇ ಮಾತು ಸಲ್ಲುವುದು. ಸಿಗರೇಟು ಸೇದುವ ಸ್ತ್ರೀಯರಲ್ಲಿ ಕಾವಲಿನ ಅಣುಜೀವಿಗಳು ಕಡಿಮೆಯೆಂದು ಪರೀಕ್ಷೆಗಳು ತೋರಿಸಿವೆ. ಹೊಗೆಯು ಎಲ್ಲಿಯವರೆಗೆ ಕೈಚಾಚುವುದೋ ನೋಡಿರಿ.

ಮದುವೆಯಾದವರ ವಿಷಯದಲ್ಲಿ ಈಚೆಗೆ ಒಂದು ಮುಖ್ಯವಾದ ಸಂಗತಿ ಹೊರಬಿದ್ದಿದೆ. ಬ್ಯಾಕ್ಟೀರಿಯಲ್ ವಜೈನೋಸಿಸಿಗೆ ವೈದ್ಯರು ಮೆಟ್ರೋನಿಡಜೋಲ್ ಮೊದಲಾದ ಔಷಧಗಳನ್ನು ಕೊಡುವರು, ಗುಣವೂ ಆಗುವುದು, ಆದರೆ ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮರಳಿ ಬರುವುದು. ಇಂಥವಳನ್ನು ಅಶುಚಿಯವಳೆಂದು ಅತ್ತೆಯೂ ಗಂಡನೂ ಜರೆಯುವುದನ್ನು, ಅವಳು ಬಾಯಿಮುಚ್ಚಿ ಕೇಳುವುದನ್ನು ಎಷ್ಟೋ ಮನೆಗಳಲ್ಲಿ ಕಾಣಬಹುದು. ಆಸ್ಟ್ರೇಲಿಯದಲ್ಲಿ 164 ಜೋಡಿಗಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸ್ತ್ರೀಗೆ ಮಾತ್ರ ಔಷಧ ಕೊಟ್ಟಲ್ಲಿ 12 ವಾರಗಳೊಳಗೆ ನೂರಕ್ಕೆ 63 ಮಂದಿಗೆ ರೋಗವು ಮರಳಿತು. ಜತೆಯ ಪುರುಷನಿಗೂ ಮಾತ್ರೆ ಮತ್ತು ಮುಲಾಮನ್ನು ಕೊಟ್ಟಲ್ಲಿ 35 ಮಂದಿಗೆ ಮಾತ್ರ ಮರಳಿತು. ಅಣುಜೀವಿಗಳು ಗಂಡನ ಶರೀರದಿಂದಲೂ ಹಿಂದಿರುಗುತ್ತಿದ್ದುವೆಂದು ಇದರಿಂದ ಸ್ಪಷ್ಟವಾಯಿತು. ಬಹುಕಾಲ ಒಬ್ಬಳ ತಲೆಯ ಮೇಲೆಯೇ ಇದ್ದ ಹೊರೆ ಇಬ್ಬರಿಗೂ ಸೇರಿದುದೆಂಬುದನ್ನು ಶಾಸ್ತ್ರವು ಹೇಳುವುದಕ್ಕೆ ಡೋಡರ್ಲೈನರಿಂದ ಈಚೆಗೆ 133 ವರ್ಷಗಳು ಹಿಡಿದುವು.

ವೈದ್ಯರ ಬಳಿಗೆ ಯಾವಾಗ ಹೋಗಬೇಕು? ಸ್ರಾವದ ಬಣ್ಣವು ಬೂದು, ಹಸುರು ಅಥವಾ ಗಾಢವಾದ ಹಳದಿಗೆ ತಿರುಗಿದರೆ, ದುರ್ವಾಸನೆ ಬಂದರೆ, ತುರಿಕೆಯೂ ಉರಿಯೂ ನಿಲ್ಲದಿದ್ದರೆ ಹೋಗತಕ್ಕದ್ದು. ಜ್ವರವೂ ಕಿಬ್ಬೊಟ್ಟೆಯ ನೋವೂ ಕೂಡಿದ್ದರೆ ಅದೇ ದಿನ ಹೋಗಬೇಕು. ಇನ್ನೂ ಮೈನೆರೆಯದ ಬಾಲಿಕೆಯಲ್ಲಿ ವಾಸನೆಯ ಸ್ರಾವ ಕಂಡರೆ ತಾಯಿಯು ಮನೆಮದ್ದಿನಲ್ಲಿ ಕಾಲಕಳೆಯಬಾರದು. ಒಳಗಿನ ಪರೀಕ್ಷೆ ಮಾಡಿಯಾರೆಂಬ ಭಯದಿಂದ ಮದುವೆಯಾಗದ ಹುಡುಗಿಯರು ತಿಂಗಳುಗಟ್ಟಲೆ ನರಳುವುದುಂಟು. ಬಹಳ ಮಟ್ಟಿಗೆ ಅವರಿಗೆ ಅದರ ಅವಶ್ಯಕತೆ ಬೀಳುವುದಿಲ್ಲ. ಕೇಳಿ ತಿಳಿದುಕೊಂಡು, ತುದಿಗೆ ಹತ್ತಿ ಸುತ್ತಿದ ಕಡ್ಡಿಯಲ್ಲಿ ತುಸು ಸ್ರಾವವನ್ನು ತೆಗೆದುಕೊಂಡರೆ ಸಾಕಾಗುವುದು. ಲೇಡಿ ಡಾಕ್ಟರೇ ಬೇಕೆಂದು ಕೇಳಬಹುದು, ತಾಯಿಯೋ ಅಕ್ಕನೋ ಪಕ್ಕದಲ್ಲಿರಲೆಂದೂ ಹೇಳಬಹುದು. ಪರೀಕ್ಷೆಯೂ ಸರಳವಾದದ್ದೇ. ಬಣ್ಣ ಬದಲಾಯಿಸುವ ಒಂದು ಸಣ್ಣ ಕಾಗದದ ಪಟ್ಟಿಗೆ ಸ್ರಾವವನ್ನು ತಾಗಿಸಿ ಹುಳಿಯನ್ನು ಅಳೆಯುವರು; ಅಂಕೆಯು 4.5ನ್ನು ದಾಟಿದ್ದರೆ ಸೂಕ್ಷ್ಮದರ್ಶಕದಲ್ಲಿ ಮುಂದಿನ ಶೋಧನೆ ನಡೆಯುವುದು. ಕಡೆಯ ಮುಟ್ಟಿನ ತಾರೀಕು, ಈಚೆಗೆ ನುಂಗಿದ ಮಾತ್ರೆಗಳು, ಹಚ್ಚಿದ ಅಥವಾ ತೊಳೆದ ದ್ರವಗಳು, ಇವುಗಳನ್ನು ಒಂದು ಚೀಟಿಯಲ್ಲಿ ಬರೆದು ಒಯ್ದರೆ ನಾಚಿಕೆಯಿಂದ ಮರೆಯುವುದು ತಪ್ಪುವುದು. ಹೋಗುವ ದಿನ ಬೆಳಗ್ಗೆ, ವೈದ್ಯರು ಏನೆಂದುಕೊಂಡಾರೋ ಎಂದು ಒಳಗೆ ತೊಳೆದುಕೊಂಡು ಹೋಗಬಾರದು. ಹೋದರೆ ಅವರು ನೋಡಬೇಕಾದದ್ದೇ ತೊಳೆದುಹೋಗಿರುವುದು.